ಮಾಂಜ್ರಾ ತೀರಕ್ಕೆ ಬಂದ ಧಮ್ಮ

1956ರ ಅಕ್ಟೋಬರ್ 14, ವಿಜಯದಶಮಿ. ನಾಗಪುರದಲ್ಲಿ ಬಾಬಾಸಾಹೇಬ ಅಂಬೇಡ್ಕರರು ಬೌದ್ಧ ಧಮ್ಮಕ್ಕೆ ಸೇರಿದ ಆ ದಿನ ಬೀದರ್ ಇನ್ನೂ ಕನ್ನಡ ರಾಜ್ಯದಲ್ಲಿರಲಿಲ್ಲ. ಅದು ಹೈದರಾಬಾದ್ ರಾಜ್ಯದ ಜಿಲ್ಲೆ. ಉದಗೀರ, ನಿಲಂಗಾ, ಅಹ್ಮದಪುರ ಆ ಜಿಲ್ಲೆಯ ತಾಲ್ಲೂಕುಗಳೇ. ಜಹೀರಾಬಾದ್, ನಾರಾಯಣಖೇಡ ಕೂಡ ಬೀದರಿನವೇ. ಈಗಿನ ಔರಾದ್ ಆಗ ಸಂತಪುರ ತಾಲ್ಲೂಕು. ನಾಗಪುರದ ದೀಕ್ಷೆ ಮುಗಿದ ಹದಿನೆಂಟನೆಯ ದಿನಕ್ಕೆ, ನವೆಂಬರ್ 1ರಂದು, ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡದ ಕಡೆಯ ಭಾಗ ಆಂಧ್ರಕ್ಕೆ ಸೇರಿತು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಮೈಸೂರು ರಾಜ್ಯಕ್ಕೆ ಬಂದವು.

ಕರ್ನಾಟಕದ ಬೌದ್ಧ ಧರ್ಮದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಶೋಕನ ಶಾಸನದಿಂದ ಶುರುಮಾಡಿ, ಸನ್ನತಿಯ ಸ್ತೂಪ ಹಾಯ್ದು, ಬೈಲಕುಪ್ಪೆಯ ಟಿಬೆಟನ್ನರ ಬಳಿ ನಿಲ್ಲುತ್ತಾರೆ. ನಡುವೆ ಬೀದರ್ ಬಿಟ್ಟೇ ಹೋಗುತ್ತದೆ. ಬೀದರಿನ ಓಣಿಗಳಲ್ಲಿ, ಭಾಲ್ಕಿ–ಔರಾದಿನ ಹಳ್ಳಿಗಳಲ್ಲಿ ಇವತ್ತು ಬುದ್ಧವಂದನೆ ಹೇಳುವ ಜನ ಶಾಸನದಿಂದ ಬಂದವರಲ್ಲ, ಟಿಬೆಟ್ಟಿನಿಂದ ಬಂದವರೂ ಅಲ್ಲ. ಅವರ ಬೌದ್ಧ ಧರ್ಮ ಔರಂಗಾಬಾದ್, ನಾಂದೇಡ, ಉದಗೀರದ ಹಾದಿಯಲ್ಲಿ ಮರಾಠಿ ಮಾತಾಡುತ್ತ ಬಂತು. ಗಡಿ ಗೆರೆ ಬಿದ್ದಾಗ ಅದು ಕನ್ನಡದ ಪಾಲಿಗೆ ಉಳಿಯಿತು. ಕನ್ನಡ ಅದನ್ನು ಬೇಗ ಗುರುತಿಸಲಿಲ್ಲ ಎಂಬುದು ನನ್ನ ತಕರಾರು.

ಹಾಗೆಂದು ಈ ನೆಲಕ್ಕೆ ಹಳೆಯ ಬೌದ್ಧ ನಂಟೇ ಇಲ್ಲವೆಂದಲ್ಲ. ಬೀಡ ಜಿಲ್ಲೆಯ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ, ಭಾಲ್ಕಿ, ಔರಾದ್, ಬೀದರ್ ತಾಲ್ಲೂಕುಗಳನ್ನು ತೊಯಿಸಿಕೊಂಡು ತೆಲಂಗಾಣಕ್ಕಿಳಿಯುವ ಮಾಂಜ್ರಾ, ನಿಜಾಮಾಬಾದ್ ಜಿಲ್ಲೆಯ ಕಂದಕುರ್ತಿಯ ಹತ್ತಿರ ಗೋದಾವರಿಯನ್ನು ಕೂಡುತ್ತದೆ. ಅಲ್ಲಿಗೆ ದೂರವಲ್ಲದ ಬೋಧನ್ ಪಟ್ಟಣವೇ ಅಸ್ಸಕ ಜನಪದದ ರಾಜಧಾನಿಯಾಗಿತ್ತು ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಬುದ್ಧನ ಕಾಲದ ಹದಿನಾರು ಮಹಾಜನಪದಗಳಲ್ಲಿ ದಕ್ಷಿಣದ್ದು ಅದೊಂದೇ. ಪಾಲಿ ಸುತ್ತನಿಪಾತದಲ್ಲಿ ಬಾವರಿಯ ಕಥೆಯಿದೆ. ಅಸ್ಸಕ ಸೀಮೆಯ ಗೋದಾವರಿ ದಡದಲ್ಲಿ ಆಶ್ರಮ ಕಟ್ಟಿಕೊಂಡಿದ್ದ ಈ ಮುದಿ ಬ್ರಾಹ್ಮಣನ ಹತ್ತಿರ ಒಬ್ಬ ಬಂದು ಐನೂರು ನಾಣ್ಯ ಕೇಳಿದ. ಕೊಡಲು ಇಲ್ಲವೆಂದಾಗ, ಏಳು ದಿನದಲ್ಲಿ ನಿನ್ನ ತಲೆ ಏಳು ಹೋಳಾಗಲಿ ಎಂದು ಶಪಿಸಿ ಹೋದ. ಹೆದರಿದ ಬಾವರಿ, ಉತ್ತರದಲ್ಲಿ ಬುದ್ಧನೆಂಬುವನಿದ್ದಾನೆ ಎಂದು ತಿಳಿದು ತನ್ನ ಹದಿನಾರು ಶಿಷ್ಯರನ್ನು ಕಳಿಸಿದ. ಅವರು ಪೈಠಣ, ಮಾಹಿಷ್ಮತಿ, ಉಜ್ಜಯಿನಿ, ವಿದಿಶಾ, ಕೌಶಾಂಬಿ ದಾಟಿ ನಡೆದುಕೊಂಡೇ ಮಗಧ ಮುಟ್ಟಿ, ಒಬ್ಬೊಬ್ಬರೂ ಬುದ್ಧನನ್ನು ಪ್ರಶ್ನೆ ಕೇಳಿದರು. ತಲೆಯೆಂದರೆ ಅವಿದ್ಯೆ, ಅದನ್ನು ಒಡೆಯುವುದು ವಿದ್ಯೆ ಎಂಬುದು ಅವರಿಗೆ ಸಿಕ್ಕ ಉತ್ತರ. ದಖ್ಖನಿನವರು ಧಮ್ಮದ ಬಾಗಿಲು ತಟ್ಟಿದ ಕಥೆಗಳಲ್ಲಿ ಬಹಳ ಹಳೆಯದಿದು. ನಡೆದದ್ದು ಮಾಂಜ್ರಾದ ನೀರು ಹೋಗಿ ಸೇರುವ ಗೋದಾವರಿಯ ಸೀಮೆಯಲ್ಲಿ.

ಮುಂದೆ ಶಾತವಾಹನರ ಕಾಲದಲ್ಲಿ ಬೀದರಿನ ಸುತ್ತಮುತ್ತ ವ್ಯಾಪಾರಿಗಳ ದಾರಿಗಳು ಹಾದುಹೋದವು. ಮಾಂಜ್ರಾದ ಉಪನದಿ ತೇರ್ಣಾ ದಂಡೆಯ ತೇರ್, ಗ್ರೀಕ್ ನಾವಿಕರ ಕೈಪಿಡಿ ಪೆರಿಪ್ಲಸ್‌ನಲ್ಲಿ ‘ತಗರ’ವೆಂದು ಬರುವ ಪಟ್ಟಣ. ಅಲ್ಲಿಯ ಇಟ್ಟಿಗೆಯ ತ್ರಿವಿಕ್ರಮ ಗುಡಿಯ ಹಿಂಬದಿ ಅರ್ಧವೃತ್ತಾಕಾರದ್ದು. ಮೊದಲು ಬೌದ್ಧ ಚೈತ್ಯವಾಗಿದ್ದದ್ದೇ ಆಮೇಲೆ ಗುಡಿಯಾಯಿತೆಂದು ವಿದ್ವಾಂಸರ ಅಭಿಪ್ರಾಯ. ಪೂರ್ವಕ್ಕೆ, ಸಂಗಾರೆಡ್ಡಿಯ ಬಳಿಯ ಕೊಂಡಾಪುರದಲ್ಲಿ ನಿಜಾಮರ ಪುರಾತತ್ವ ಇಲಾಖೆ 1940ರ ದಶಕದ ಆರಂಭದಲ್ಲಿ ಅಗೆದಾಗ ಸ್ತೂಪ, ಚೈತ್ಯಗಳ ಬುನಾದಿಯ ಜತೆ ಶಾತವಾಹನರ ನಾಣ್ಯಗಳು ಸಾವಿರಗಟ್ಟಲೆ ಸಿಕ್ಕವು. ದಕ್ಷಿಣಕ್ಕೆ ಭೀಮಾ ತೀರದ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ವಿಗ್ರಹ ನಿಲ್ಲಿಸಿದ್ದ ಪೀಠದ ಕಲ್ಲು ಅಶೋಕನ ಶಾಸನವೆಂದು ಆಗ ಗೊತ್ತಾಯಿತು. ಪಕ್ಕದ ಕನಗನಹಳ್ಳಿಯ ಮಹಾಚೈತ್ಯದಲ್ಲಿ ‘ರಾಯ ಅಸೋಕೋ’ ಎಂದು ಹೆಸರು ಬರೆದ ಶಿಲ್ಪವೇ ಸಿಕ್ಕಿತು.

ಹಳೆಯ ಬೌದ್ಧ ಅವಶೇಷಗಳ ವಿಷಯದಲ್ಲಿ ನಿಜಾಮರ ಸರ್ಕಾರಕ್ಕೆ ಒಂದು ಮಾತಿನ ಮೆಚ್ಚುಗೆ ಸಲ್ಲಬೇಕು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡುಹಿಡಿದ ಮಸ್ಕಿ ಶಾಸನವನ್ನು ಓದಿಸಿ ಪ್ರಕಟಿಸಿದ್ದು ಹೈದರಾಬಾದಿನ ಪುರಾತತ್ವ ಇಲಾಖೆ. ‘ದೇವಾನಾಂಪ್ರಿಯ’ ಅಶೋಕನೇ ಎಂದು ಜಗತ್ತಿಗೆ ಖಾತ್ರಿಯಾದದ್ದು ಆ ಶಾಸನದಿಂದ. ಅಜಂತಾದ ಚಿತ್ರಗಳನ್ನು ಉಳಿಸಲು ಇಟಲಿಯಿಂದ ತಜ್ಞರನ್ನು ಕರೆಸಿದ್ದೂ ಅದೇ ಸರ್ಕಾರ. ಇಲಾಖೆಯ ಮುಖ್ಯಸ್ಥ ಗುಲಾಂ ಯಜ್ದಾನಿಯವರು ಅಜಂತಾದ ಮೇಲೂ ಬರೆದರು, 1947ರಲ್ಲಿ ಬೀದರಿನ ಸ್ಮಾರಕಗಳ ಮೇಲೆ ದೊಡ್ಡ ಪುಸ್ತಕವನ್ನೂ ತಂದರು. ಹೈದರಾಬಾದ್ ಸಂಸ್ಥಾನದಲ್ಲಿ ಬುದ್ಧ ಆಗ ಕಲ್ಲಿನಲ್ಲಿ, ಬಣ್ಣದಲ್ಲಿ ಇದ್ದ. ಬದುಕಿದ ಜನರ ನಡುವೆ ಇರಲಿಲ್ಲ.

ಯಾಕೆ ಇರಲಿಲ್ಲ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ವ್ಯಾಪಾರಿಗಳ ದಾನದ ಮೇಲೆ ನಿಂತ ವಿಹಾರಗಳು ವ್ಯಾಪಾರ ಸೊರಗಿದಾಗ ಸೊರಗಿದವು. ಶೈವ, ಜೈನ ಮಠಗಳು ಊರು, ಹೊಲಗಳ ಮೇಲೆ ಬೇರುಬಿಟ್ಟವು. ಆದರೂ ಈಗಿನ ಬಸವಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ ಚಾಲುಕ್ಯರ ಆಳ್ವಿಕೆಯಲ್ಲಿ ಬೌದ್ಧರು ಪೂರ್ತಿ ಅಳಿದಿರಲಿಲ್ಲ. 1065ರಲ್ಲಿ ಬಳ್ಳಿಗಾವೆಯಲ್ಲಿ ದಂಡನಾಯಕ ರೂಪಭಟ್ಟಯ್ಯ ಜಯಂತಿ ಬೌದ್ಧ ವಿಹಾರ ಕಟ್ಟಿಸಿದ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, 1095ರಲ್ಲಿ, ಡಂಬಳದ ಶೆಟ್ಟಿಗಳು ತಾರಾ ಭಗವತಿಗೂ ವಿಹಾರಕ್ಕೂ ದತ್ತಿ ಬಿಟ್ಟರು. ಕಲ್ಯಾಣದ ಸಿಂಹಾಸನದ ನೆರಳಿನಲ್ಲಿ ಕನ್ನಡ ಶಾಸನದೊಳಗೆ ಬುದ್ಧನ ಹೆಸರು ಬರುತ್ತಿದ್ದ ಕೊನೆಯ ದಿನಗಳು ಅವು. ಮುಂದಿನ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ಶರಣರು ಎದ್ದರು. ಆಮೇಲೆ ಬಹಮನಿ ಸುಲ್ತಾನರು, ಬರೀದ್ ಶಾಹಿಗಳು, ಮೊಘಲರು, ನಿಜಾಮರು. ಆ ಕಥೆ ಇಲ್ಲಿ ಬೇಡ.

ಬೀದರಿನ ಯಾವ ಹಳೆಯ ಗುಡಿ ಕಂಡರೂ, ಯಾವ ಗವಿ ಕಂಡರೂ ‘ಇದು ಮೊದಲು ಬೌದ್ಧರದ್ದು’ ಎನ್ನುವ ಉತ್ಸಾಹ ಈಚೆಗೆ ಕೆಲವರಲ್ಲಿದೆ. ಕೆಲವು ನಿಜವೂ ಇರಬಹುದು. ಆದರೆ ಇಂದಿನ ಬೌದ್ಧರಿಗೆ ಆ ಪುರಾವೆ ಬೇಕಾಗಿಯೇ ಇಲ್ಲ ಎಂದು ನನ್ನ ಅನಿಸಿಕೆ. ಅವರ ಇತಿಹಾಸಕ್ಕೆ ತಾರೀಖು ಇದೆ, ಸಾಕ್ಷಿಗಳಿದ್ದಾರೆ. ಅಷ್ಟು ಸ್ಪಷ್ಟವಾದ ಇತಿಹಾಸ ಇದ್ದವರು ಕಲ್ಲಿನ ತುಂಡು ಹುಡುಕುತ್ತ ಹೋಗಬೇಕೇಕೆ?

ಆ ಇತಿಹಾಸ ಶುರುವಾಗುವುದು 1930ರ ದಶಕದಲ್ಲಿ. 1935ರ ಅಕ್ಟೋಬರ್ 13ರಂದು ಯೇವಲೆಯಲ್ಲಿ ಅಂಬೇಡ್ಕರರು, ಹಿಂದೂವಾಗಿ ಹುಟ್ಟಿದ್ದು ತನ್ನ ಕೈಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ಆ ಮಾತು ಇಡೀ ದೇಶದಲ್ಲಿ ಗದ್ದಲ ಎಬ್ಬಿಸಿತು. ನಿಜಾಮರ ಸೀಮೆಯಲ್ಲಿ ಅದು ಕಾದ ಎಣ್ಣೆಗೆ ನೀರು ಬಿದ್ದಂತಾಯಿತು. ಯಾಕೆಂದರೆ ಇಲ್ಲಿ ದಲಿತರನ್ನು ತಮ್ಮ ಕಡೆ ಸೆಳೆದುಕೊಳ್ಳುವ ಪೈಪೋಟಿ ಆಗಲೇ ನಡೆದಿತ್ತು. ಮುಸ್ಲಿಂ ಸಂಘಟನೆ ಮಜ್ಲಿಸ್‌ನ ಬಹಾದುರ್ ಯಾರ್ ಜಂಗ್ ತಬ್ಲೀಗ್, ಅಂದರೆ ಇಸ್ಲಾಮಿಗೆ ಸೇರಿಸಿಕೊಳ್ಳುವ ಪ್ರಚಾರ, ಹೊರಟಿದ್ದರು. ಅದಕ್ಕೆ ಎದುರಾಗಿ ಆರ್ಯ ಸಮಾಜ, ಮತ್ತೆ ಹಿಂದೂಗಳಾಗಿಸುವ ಶುದ್ಧಿ ನಡೆಸುತ್ತಿತ್ತು. ಬೀದರ್ ಜಿಲ್ಲೆ ಆರ್ಯ ಸಮಾಜದ ಗಟ್ಟಿ ನೆಲೆ. ಉದಗೀರದ ವಕೀಲ ಭಾಯಿ ಶ್ಯಾಮಲಾಲ್ 1938ರಲ್ಲಿ ಬೀದರ್ ಜೈಲಿನಲ್ಲೇ ತೀರಿಕೊಂಡರು. ಇತ್ತ ಮೆಥೊಡಿಸ್ಟ್ ಮಿಷನ್ನಿನ ಶಾಲೆ, ಆಸ್ಪತ್ರೆಗಳು ಬಹಳ ಮೊದಲೇ ದಲಿತ ಕೇರಿಯ ಬಾಗಿಲಿಗೆ ಬಂದಿದ್ದವು. ಅಂದರೆ ‘ನಾವು ಯಾವ ಧರ್ಮದವರು’ ಎಂಬ ಪ್ರಶ್ನೆ ನಾಗಪುರದ ದೀಕ್ಷೆಗೆ ಇಪ್ಪತ್ತು ವರ್ಷ ಮೊದಲೇ ಇಲ್ಲಿಯ ಕೇರಿಗಳಲ್ಲಿ ಎದ್ದಿತ್ತು.

ಇಲ್ಲೊಂದು ಸ್ವಾರಸ್ಯ. 1936ರ ಏಪ್ರಿಲ್‌ನಲ್ಲಿ ಅಂಬೇಡ್ಕರರು ಅಮೃತಸರದ ಸಿಖ್ ಸಮಾವೇಶಕ್ಕೆ ಹೋಗಿದ್ದರು. ಸಿಖ್ಖರಾಗುವ ಆಲೋಚನೆ ಆಗ ಗಂಭೀರವಾಗಿಯೇ ಇತ್ತು. ಬೀದರಿಗೂ ಸಿಖ್ಖರಿಗೂ ನಂಟು ಹಳೆಯದು. ಗುರು ನಾನಕರ ಹೆಸರಿನ ಗುರುದ್ವಾರ ನಾನಕ್ ಝೀರಾ ಇಲ್ಲಿದೆ. 1699ರಲ್ಲಿ ಗುರು ಗೋವಿಂದಸಿಂಗರು ಆರಿಸಿದ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನ ಕ್ಷೌರಿಕ ಕುಲದವರು. ಅಂಬೇಡ್ಕರರು ಅಂದು ಪಗಡಿ ತೊಟ್ಟಿದ್ದರೆ ಬೀದರಿನ ಕೇರಿಗಳು ಇವತ್ತು ಹೇಗಿರುತ್ತಿದ್ದವು ಎಂದು ಊಹಿಸಲು ಖುಷಿಯಾಗುತ್ತದೆ. ಆದರೆ ಅವರು ಇನ್ನೂ ಇಪ್ಪತ್ತು ವರ್ಷ ಯೋಚಿಸಿದರು.

ಆ ಇಪ್ಪತ್ತು ವರ್ಷದಲ್ಲಿ ಸಂಸ್ಥಾನ ಅಲ್ಲೋಲಕಲ್ಲೋಲವಾಯಿತು. 1947ರ ನವೆಂಬರಿನಲ್ಲಿ ಅಂಬೇಡ್ಕರರು ಪಾಕಿಸ್ತಾನದ ಮತ್ತು ಹೈದರಾಬಾದಿನ ದಲಿತರಿಗೆ ಹೇಳಿಕೆ ಕೊಟ್ಟು, ನಿಜಾಮರ ಜತೆ ನಿಲ್ಲಬೇಡಿ, ಪಾರಾಗುವ ದಾರಿಯೆಂದು ಇಸ್ಲಾಮಿಗೆ ಮತಾಂತರವಾಗಬೇಡಿ ಎಂದು ಎಚ್ಚರಿಸಿದರು. ಎಲ್ಲ ದಲಿತ ನಾಯಕರೂ ಒಪ್ಪಲಿಲ್ಲ. ಬಿ. ಶ್ಯಾಮಸುಂದರ್ 1948ರಲ್ಲಿ ನಿಜಾಮರ ನಿಯೋಗದೊಂದಿಗೆ ವಿಶ್ವಸಂಸ್ಥೆಯ ತನಕ ಹೋದರು. ಇದೇ ಶ್ಯಾಮಸುಂದರ್ ಎರಡು ದಶಕದ ಬಳಿಕ, 1968ರಲ್ಲಿ, ಗುಲ್ಬರ್ಗದಲ್ಲಿ ಭೀಮಸೇನೆ ಕಟ್ಟಿದರು. ಹೈದರಾಬಾದ್ ಕರ್ನಾಟಕದ ದಲಿತ ಹೋರಾಟಕ್ಕೆ ಒಂದೇ ಹೊಳೆಯ ನೀರಿಲ್ಲ ಎನ್ನಲು ಅವರ ಬದುಕೇ ಸಾಕ್ಷಿ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ನಂತರ ಅಂಬೇಡ್ಕರರ ಶಿಕ್ಷಣ ಸಂಸ್ಥೆ ಹೈದರಾಬಾದ್ ರಾಜ್ಯದಲ್ಲೇ ಕಾಲೇಜು ತೆರೆಯಿತು. 1950ರಲ್ಲಿ ಔರಂಗಾಬಾದಿನಲ್ಲಿ ಶುರುವಾದ ಅದಕ್ಕೆ 1951ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು. ಗ್ರೀಕ್ ದೊರೆ ಮಿಲಿಂದನ ಹೆಸರನ್ನು ಕಾಲೇಜಿಗೆ, ಅವನನ್ನು ವಾದದಲ್ಲಿ ಸೋಲಿಸಿದ ಭಿಕ್ಷು ನಾಗಸೇನನ ಹೆಸರನ್ನು ಆವರಣಕ್ಕೆ ಇಟ್ಟರು. ದೀಕ್ಷೆಗೆ ಮೊದಲೇ ಬುದ್ಧ ಹೀಗೆ ಮರಾಠವಾಡದ ಹುಡುಗರ ಹಾಜರಿ ಪುಸ್ತಕದ ಮೇಲೆ ಬಂದು ಕೂತ. 1953ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಅಂಬೇಡ್ಕರರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಬೀದರಿನವರಿಗೆ ಅವರು ದೂರದ ಮುಂಬಯಿಯ ನಾಯಕರಾಗಿರಲಿಲ್ಲ. ತಮ್ಮ ರಾಜ್ಯದಲ್ಲೇ ಓಡಾಡುವ, ಕಾಲೇಜು ಕಟ್ಟುವ ಬಾಬಾಸಾಹೇಬರಾಗಿದ್ದರು.

ನಾಗಪುರದಲ್ಲಿ ಕುಶಿನಗರದ ಚಂದ್ರಮಣಿ ಮಹಾಸ್ಥವಿರರಿಂದ ತ್ರಿಶರಣ, ಪಂಚಶೀಲ ತೆಗೆದುಕೊಂಡ ಅಂಬೇಡ್ಕರರು ನೆರೆದ ಲಕ್ಷಾಂತರ ಜನಕ್ಕೆ ತಾವೇ ದೀಕ್ಷೆ ಕೊಟ್ಟರು. ಜತೆಗೆ 22 ಪ್ರತಿಜ್ಞೆಗಳನ್ನು ಹೇಳಿಸಿದರು. ಬುದ್ಧನ ನಾಲ್ಕು ಆರ್ಯಸತ್ಯ, ಅಷ್ಟಾಂಗ ಮಾರ್ಗ ಪುಸ್ತಕದಲ್ಲಿ ಇದ್ದೇ ಇದ್ದವು. ಹಳ್ಳಿಯ ಬದುಕನ್ನು ನೇರವಾಗಿ ಮುಟ್ಟಿದ್ದು ಈ 22. ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪೂಜಿಸುವುದಿಲ್ಲ, ಗೌರಿ ಗಣಪತಿ ಕೂಡಿಸುವುದಿಲ್ಲ, ಶ್ರಾದ್ಧ ಮಾಡುವುದಿಲ್ಲ, ಬುದ್ಧ ವಿಷ್ಣುವಿನ ಅವತಾರವೆಂಬುದನ್ನು ಒಪ್ಪುವುದಿಲ್ಲ, ಎಲ್ಲ ಮನುಷ್ಯರೂ ಸಮಾನರು, ಕಳವು ಬೇಡ, ಸುಳ್ಳು ಬೇಡ, ಹೆಂಡ ಬೇಡ. ಭಾಲ್ಕಿ ತಾಲ್ಲೂಕಿನಂಥ ಕಡೆ, ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಯೇ ವರ್ಷದ ದೊಡ್ಡ ದಿನವಾಗಿದ್ದ ಕಡೆ, ಮನೆಯ ಜಗಲಿಯಿಂದ ಕುಲದೇವರನ್ನು ಇಳಿಸುವುದು ಸಣ್ಣ ಮಾತಲ್ಲ. ಅದಕ್ಕಿಂತ ದೊಡ್ಡದು ಸತ್ತ ದನ ಎಳೆಯುವುದಿಲ್ಲ, ಹಲಗೆ ಬಾರಿಸುವುದಿಲ್ಲ, ಊರ ಚಾಕರಿ ಮಾಡುವುದಿಲ್ಲ ಎನ್ನುವುದು. ಇದಕ್ಕೆ ಅಂಬೇಡ್ಕರರ ಚಳವಳಿ ಮೂವತ್ತು ವರ್ಷದಿಂದ ಜನರನ್ನು ಅಣಿಗೊಳಿಸುತ್ತ ಬಂದಿತ್ತು. ದೀಕ್ಷೆ ಅದಕ್ಕೆ ಧರ್ಮದ ಬಲ ಕೊಟ್ಟಿತು. ನಿರ್ವಾಣದ ಚರ್ಚೆ ಕೇರಿಗೆ ಆಮೇಲೆ ಬಂತು. ಮೊದಲು ಬಂದದ್ದು ‘ಇಲ್ಲ’ ಎನ್ನುವ ಧೈರ್ಯ.

ಡಿಸೆಂಬರ್ 6ರಂದು ಅಂಬೇಡ್ಕರರು ತೀರಿಕೊಂಡರು. ದೀಕ್ಷೆ ಕೊಟ್ಟವರು ಎರಡು ತಿಂಗಳೂ ಉಳಿಯಲಿಲ್ಲ. ಮಹಾರಾಷ್ಟ್ರದ ಕಡೆ ಮತಾಂತರ ಹೊಳೆಯಾಗಿ ಹರಿಯಿತು. ಆ ಪ್ರದೇಶದಲ್ಲಿ 1951ರಲ್ಲಿ 2,487 ಇದ್ದ ಬೌದ್ಧರು 1961ರ ಗಣತಿಯಲ್ಲಿ 27,89,501 ಆದರು. ಮೈಸೂರು ರಾಜ್ಯದಲ್ಲಿ ಅದೇ 1961ರಲ್ಲಿ ಹತ್ತು ಸಾವಿರವೂ ಇರಲಿಲ್ಲ. ಉದಗೀರಕ್ಕೂ ಕಮಲನಗರಕ್ಕೂ ನಡುವೆ ಗುಡ್ಡವಿಲ್ಲ, ಸಮುದ್ರವಿಲ್ಲ. ಬೀದರ್, ಭಾಲ್ಕಿ, ಕಮಲನಗರ, ಉದಗೀರ ಒಂದೇ ರೈಲು ಹಳಿಯ ಮೇಲಿನ ನಿಲ್ದಾಣಗಳು. ಹೆಣ್ಣು ಕೊಟ್ಟು ತಂದ ನಂಟಸ್ತಿಕೆ ಎರಡೂ ಕಡೆ ಇದೆ. ಹೀಗಿದ್ದೂ ಕಾಗದದ ಮೇಲೆ ಇಷ್ಟು ಅಂತರ ಬಂದದ್ದು ಏಕೆ?

ಒಂದು ಕಾರಣ ಕಾನೂನು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಬೌದ್ಧರನ್ನು ಸೇರಿಸಿದ್ದು 1990ರಲ್ಲಿ, ವಿ.ಪಿ. ಸಿಂಗ್ ಸರ್ಕಾರ. ನಡುವಿನ 34 ವರ್ಷ ಬೌದ್ಧನೆಂದು ಬರೆಸಿದವನಿಗೆ ಕೇಂದ್ರದ ಮೀಸಲಾತಿ ಇಲ್ಲ. ಮಹಾರಾಷ್ಟ್ರ ಸರ್ಕಾರ ನವಬೌದ್ಧರಿಗೆ ರಾಜ್ಯದ ಮಟ್ಟದ ಸವಲತ್ತುಗಳನ್ನು ಮುಂದುವರಿಸಿತ್ತು. ಗಡಿಯ ಈಚೆಯ ತಂದೆಯೊಬ್ಬ ಮಗನ ಶಾಲೆಯ ದಾಖಲೆಯಲ್ಲಿ ಏನು ಬರೆಸಬೇಕು? ಮನೆಯಲ್ಲಿ ಬುದ್ಧ, ಅರ್ಜಿಯಲ್ಲಿ ಹಿಂದೂ ಎಂಬ ಎರಡು ಬದುಕು ಹುಟ್ಟಿದ್ದು ಹೀಗೆ. ಇದನ್ನು ಕಪಟವೆನ್ನುವವರಿಗೆ ಹಾಸ್ಟೆಲ್ ಸೀಟಿನ ಬೆಲೆ ಗೊತ್ತಿಲ್ಲ.

ಇನ್ನೊಂದು ಕಾರಣ ಭಾಷೆ. ಹೊಸ ಧರ್ಮದ ವಂದನೆ ಪಾಲಿಯಲ್ಲಿ, ಹಾಡು, ಭಾಷಣ, ಪತ್ರಿಕೆ ಎಲ್ಲ ಮರಾಠಿಯಲ್ಲಿ. ಅಂಬೇಡ್ಕರರ ‘ಜನತಾ’ ಪತ್ರಿಕೆ 1956ರಲ್ಲಿ ‘ಪ್ರಬುದ್ಧ ಭಾರತ’ವಾಯಿತು. ವಾಮನದಾದಾ ಕರ್ಡಕರ ಭೀಮಗೀತೆಗಳು ಗಡಿ ಕೇಳದೆ ಬಂದವು. ಔರಾದ್, ಭಾಲ್ಕಿಯ ಅನೇಕ ಹಳ್ಳಿಗಳಲ್ಲಿ ಮನೆಮಾತೇ ಮರಾಠಿಯಾದ್ದರಿಂದ ಅಲ್ಲಿಯವರಿಗೆ ಇದು ಸಲೀಸು. ಬೆಂಗಳೂರು, ಧಾರವಾಡದ ಕನ್ನಡ ಲೋಕಕ್ಕೆ ಮಾತ್ರ ಇದು ಮಹಾರಾಷ್ಟ್ರದ ವಿಷಯವಾಗಿ ಕಂಡಿತು. ಬೀದರಿನಲ್ಲಿ ಕನ್ನಡ ಉಳಿಸುವುದೇ ಆಗ ದೊಡ್ಡ ಹೋರಾಟ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಆ ಹೋರಾಟದಲ್ಲಿ ಕನ್ನಡವೆಂದರೆ ಬಸವಣ್ಣ, ವಚನ. ಅದು ಸರಿಯೇ. ಆದರೆ ಅದೇ ಕಾಲಕ್ಕೆ ಪಕ್ಕದ ಕೇರಿಯಲ್ಲಿ ಇನ್ನೊಂದು ಸಮತೆಯ ಧರ್ಮ ಮರಾಠಿಯಲ್ಲಿ ಬೆಳೆಯುತ್ತಿರುವುದನ್ನು ಕನ್ನಡ ಗಮನಿಸಲಿಲ್ಲ.

ಕಲ್ಯಾಣ ಇರುವ ಜಿಲ್ಲೆಯಲ್ಲೇ ದಲಿತರು ಶರಣರ ದಾರಿ ಬಿಟ್ಟು ಬುದ್ಧನ ಕಡೆ ಏಕೆ ಹೋದರು ಎಂದು ಕೇಳುವವರುಂಟು. ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದ ಊರು ಕಲ್ಯಾಣ. ಎಂಟುನೂರು ವರ್ಷ ಕಳೆದರೂ ಆ ಮದುವೆ ಊರಿನ ಪದ್ಧತಿಯಾಗಲಿಲ್ಲ, ಬಾವಿಗಳು ಬೇರೆಯಾಗಿಯೇ ಉಳಿದವು ಎಂಬುದೇ ಉತ್ತರ. ಇದು ವಚನಗಳ ಸೋಲಲ್ಲ, ಓದಿಕೊಂಡವರ ಸೋಲು. ಬುದ್ಧನ ದಾರಿಗೂ ಎಲ್ಲರೂ ಬರಲಿಲ್ಲ. ಮರಾಠಿಯಲ್ಲಿ ಮಹಾರರೆನ್ನುವ ಬಲಗೈ ಸಮುದಾಯವೇ ಹೆಚ್ಚಾಗಿ ಬಂತು. ಎಡಗೈ ಸಮುದಾಯದ ಹಲವರು ಹಿಂದೂಗಳಾಗಿ ಉಳಿದರು, ಹಲವರು ಚರ್ಚಿನವರಾದರು. ಈ ಬಿರುಕಿನ ಬಗ್ಗೆ ವೇದಿಕೆಗಳಲ್ಲಿ ಮಾತು ಕಡಿಮೆ.

ಎಪ್ಪತ್ತರ ದಶಕದಿಂದ ಗಾಳಿ ಎರಡೂ ದಿಕ್ಕಿನಿಂದ ಬೀಸಿತು. ಮಹಾರಾಷ್ಟ್ರದಿಂದ ದಲಿತ ಪ್ಯಾಂಥರ್, ದಕ್ಷಿಣದಿಂದ ದಲಿತ ಸಂಘರ್ಷ ಸಮಿತಿ. 1978ರಲ್ಲಿ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರರ ಹೆಸರಿಡುವ ನಿರ್ಣಯವಾದಾಗ ಗಡಿಯಾಚೆಯ ಹಳ್ಳಿಗಳಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹೆಸರು ಬಂದದ್ದು 1994ರ ಜನವರಿ 14ರಂದು. ಈ ವರ್ಷಗಳಲ್ಲೇ ಬೀದರ್ ಸೀಮೆಯಲ್ಲಿ ವಿಹಾರಗಳು ಎದ್ದವು. ಬಹುಪಾಲು ಸಣ್ಣವು: ಓಣಿಯ ತುದಿಗೆ ಒಂದು ಕೋಣೆ, ಬುದ್ಧನ ಮೂರ್ತಿ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ, ಮೇಲೆ ಪಂಚಶೀಲ ಧ್ವಜ. ಬೀದರ್ ಸಮೀಪದ ಅಣದೂರಿನಲ್ಲಿ ದೊಡ್ಡ ವಿಹಾರವೇ ಇದೆ. ಆಷಾಢ ಹುಣ್ಣಿಮೆಯಿಂದ ಮೂರು ತಿಂಗಳ ವರ್ಷಾವಾಸದಲ್ಲಿ ಬಿಳಿ ಸೀರೆಯುಟ್ಟ ಉಪಾಸಿಕೆಯರು ಸಂಜೆ ಕೂಡಿ ‘ಬುದ್ಧ ಮತ್ತು ಆತನ ಧಮ್ಮ’ ಓದಿಸಿ ಕೇಳುತ್ತಾರೆ. ಅಂಬೇಡ್ಕರರು ತೀರಿಕೊಂಡ ಮೇಲೆ, 1957ರಲ್ಲಿ, ಅಚ್ಚಾದ ಪುಸ್ತಕ ಅದು. ಪುನರ್ಜನ್ಮಕ್ಕೆ ಬೇರೆಯೇ ಅರ್ಥ ಕೊಟ್ಟು ಪ್ರಜ್ಞೆ, ಕರುಣೆ, ಸಮತೆಯನ್ನು ಮುಂದಿಟ್ಟ ಅದರ ಬುದ್ಧ, ಸಿಂಹಳದ ಭಿಕ್ಷುಗಳಿಗೆ ಅಷ್ಟಾಗಿ ಒಪ್ಪಿತನಲ್ಲ. ಬೀದರಿನವರಿಗೆ ಅವನೇ ಬುದ್ಧ. ಎಷ್ಟೋ ಮನೆಗಳಲ್ಲಿ ಬುದ್ಧನ ಜತೆ ಮೈಲಾರ ಮಲ್ಲಣ್ಣನ ಭಂಡಾರದ ಚೀಲವೂ ಮೂಲೆಯಲ್ಲಿ ಉಳಿದಿದೆ. ಅಜ್ಜಿಯರ ಮೇಲೆ ಪ್ರತಿಜ್ಞೆಗಳ ಹುಕುಂ ನಡೆಯುವುದು ಅಷ್ಟರಲ್ಲೇ ಇದೆ. 2009ರ ಜನವರಿಯಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಗುಲ್ಬರ್ಗದ ಭವ್ಯ ಬುದ್ಧ ವಿಹಾರವನ್ನು ಉದ್ಘಾಟಿಸಿದ ಮೇಲೆ ಈ ಭಾಗದ ಬೌದ್ಧರು ರಾಜ್ಯದ ಕಣ್ಣಿಗೂ ಬಿದ್ದರು.

ಆದರೆ ಗಣತಿಯ ಪುಸ್ತಕ ಬೇರೆಯೇ ಕಥೆ ಹೇಳುತ್ತದೆ. 1991ರಲ್ಲಿ ಕರ್ನಾಟಕದ ಬೌದ್ಧರು ಸುಮಾರು 73 ಸಾವಿರ. 2001ರಲ್ಲಿ 3,93,300. ಇದರಲ್ಲಿ ದೊಡ್ಡ ಪಾಲು ಗುಲ್ಬರ್ಗ, ಬೀದರ್ ಜಿಲ್ಲೆಗಳದ್ದು. 2011ರಲ್ಲಿ ಮತ್ತೆ 95,710. ಹತ್ತು ವರ್ಷದಲ್ಲಿ ಸುಮಾರು ಮೂರು ಲಕ್ಷ ಜನ ಧರ್ಮ ಬಿಟ್ಟರು ಎಂಬುದನ್ನು ನಾನಂತೂ ನಂಬುವುದಿಲ್ಲ. ಆ ದಶಕದಲ್ಲಿ ವಿಹಾರಗಳು ಮುಚ್ಚಲಿಲ್ಲ, ಹೆಚ್ಚಿದವು. ಬಿಟ್ಟುಹೋದದ್ದು ಜನರಲ್ಲ, ಕಾಲಂ. ಗಣತಿದಾರ ಕೇಳದೆಯೇ ತುಂಬಿದ ಕಡೆಗಳಿರಬಹುದು. ಬೌದ್ಧ ಎಂದರೆ ಜಾತಿ ಪ್ರಮಾಣಪತ್ರ ಹೋಗುತ್ತದೆಂಬ ಹಳೆಯ ಹೆದರಿಕೆ ಬಾಯಿ ಕಟ್ಟಿದ್ದೂ ಇರಬಹುದು.

ಆ ಹೆದರಿಕೆಗೆ 1990ರಿಂದ ಆಧಾರವಿಲ್ಲ. ಹಿಂದೂ, ಸಿಖ್, ಬೌದ್ಧ ಈ ಮೂರರಲ್ಲಿ ಯಾವುದನ್ನು ಬರೆಸಿದರೂ ಪರಿಶಿಷ್ಟ ಜಾತಿಯ ಹಕ್ಕು ಉಳಿಯುತ್ತದೆ. ಮುಂದಿನ ಗಣತಿದಾರ ಬೀದರಿನ ಓಣಿಗೆ, ಭಾಲ್ಕಿ, ಔರಾದಿನ ಹಳ್ಳಿಗೆ ಬಂದಾಗ ಮನೆಯವರು ಎರಡು ನಿಮಿಷ ಎದುರು ನಿಲ್ಲಲಿ. ಧರ್ಮದ ಕಾಲಮಿನಲ್ಲಿ ಅವನು ಏನು ತುಂಬಿದನೆಂದು ಓದಿಸಿ ಕೇಳಲಿ, ತಪ್ಪಿದ್ದರೆ ಅಲ್ಲೇ ತಿದ್ದಿಸಲಿ.